ಸುಯೆಜ್ ಕಾಲುವೆಯ ದಡದಲ್ಲಿ ಮೈಸೂರಿನ ಕುದುರೆಗಳು

ಕಲಾಸಿಪಾಳ್ಯದಲ್ಲಿ ನಿಂತು ಸಮುದ್ರದ ಮಾತಾಡಿದರೆ ಯಾರಾದರೂ ನಕ್ಕಾರು. ಇಲ್ಲಿರುವುದು ಲಾರಿ ಆಫೀಸುಗಳು, ಗೋಣಿಮೂಟೆಗಳು, ಹಮಾಲರ ಕೂಗು, ಖಾಸಗಿ ಬಸ್ಸುಗಳ ಹಾರನ್ನು. ಆದರೆ ಬಡಾವಣೆಯ ಹೆಸರಿನಲ್ಲೇ ಹಡಗಿನ ವಾಸನೆಯಿದೆ. ‘ಖಲಾಸಿ’ ಎಂದರೆ ಹಡಗಿನಲ್ಲಿ ದುಡಿಯುವವನು. ಸೈನ್ಯದಲ್ಲಿ ಗುಡಾರ ಹೊಡೆಯುವ, ಫಿರಂಗಿ ಸಾಗಿಸುವ ಆಳಿಗೂ ಅದೇ ಹೆಸರು. ಪಕ್ಕದಲ್ಲೇ ಕೋಟೆಯಿರುವುದರಿಂದ ಈ ಎರಡನೆಯ ಅರ್ಥವೇ ಊರಿಗೆ ಅಂಟಿಕೊಂಡಿತೆಂದು ಹೇಳುವವರಿದ್ದಾರೆ. ನನಗೂ ಅದೇ ಸರಿಯೆನಿಸುತ್ತದೆ. ಯಾರದೋ ಸರಕಿಗೆ, ಯಾರದೋ ಯುದ್ಧಕ್ಕೆ ಹೆಗಲು ಕೊಡುವವನು ಖಲಾಸಿ. ಸುಯೆಜ್ ಕಾಲುವೆಯ ಚರಿತ್ರೆ ಓದುವಾಗಲೆಲ್ಲ ಈ ಪದ ನೆನಪಾಗುತ್ತದೆ.

ಮೆಡಿಟರೇನಿಯನ್ ಮತ್ತು ಕೆಂಪು ಸಮುದ್ರಗಳನ್ನು ಕೂಡಿಸುವ ಈ ಕಾಲುವೆಯನ್ನು ಫರ್ಡಿನಾಂಡ್ ದ ಲೆಸೆಪ್ಸ್ ಎಂಬ ಫ್ರೆಂಚನ ಕಂಪನಿ 1859ರಲ್ಲಿ ಅಗೆಯಲು ತೊಡಗಿತು; 1869ರ ನವೆಂಬರ್ 17ರಂದು ಅದು ಹಡಗುಗಳಿಗೆ ತೆರೆಯಿತು. ಮೊದಲ ವರ್ಷಗಳಲ್ಲಿ ಗುದ್ದಲಿ ಹಿಡಿದವರು ಬಲವಂತವಾಗಿ ಕರೆತಂದ ಈಜಿಪ್ಟಿನ ರೈತರು. ಯೋಜನೆಗೆ ಅಡ್ಡಗಾಲು ಹಾಕಿದ್ದ ಬ್ರಿಟಿಷರೇ 1875ರಲ್ಲಿ, ಸಾಲದಲ್ಲಿ ಮುಳುಗಿದ್ದ ಖೆದಿವ್ ಇಸ್ಮಾಯಿಲನ ಷೇರುಗಳನ್ನು 40 ಲಕ್ಷ ಪೌಂಡಿಗೆ ಕೊಂಡರು. 1882ರಲ್ಲಿ ಸೈನ್ಯವನ್ನೇ ಇಳಿಸಿದರು. ಅವರಿಗೆ ಬೇಕಾಗಿದ್ದುದು ಇಂಡಿಯಾದ ದಾರಿ.

ಆ ದಾರಿ ಹತ್ತಿರವಾದದ್ದು ಕನ್ನಡ ನಾಡಿಗೆ ಮೊದಲು ಗೊತ್ತಾದದ್ದು ಕಾಫಿಯ ಬಣ್ಣದಲ್ಲಿ ಎಂದರೆ ನಂಬುವಿರಾ? ಹಾಯಿಹಡಗುಗಳು ಆಫ್ರಿಕಾ ಸುತ್ತಿ ಹೋಗುತ್ತಿದ್ದ ಕಾಲದಲ್ಲಿ ಪಶ್ಚಿಮ ಕರಾವಳಿಯಿಂದ ಹೊರಟ ಕಾಳುಗಳು ತಿಂಗಳುಗಟ್ಟಲೆ ಕಡಲಿನ ತೇವ ಕುಡಿದು, ಉಬ್ಬಿ, ಹಳದಿಗಟ್ಟಿ ಯುರೋಪು ಮುಟ್ಟುತ್ತಿದ್ದವು. ಅಲ್ಲಿಯವರ ನಾಲಿಗೆಗೆ ಆ ರುಚಿಯೇ ಹಿಡಿದಿತ್ತು. ಉಗಿಹಡಗು ಮತ್ತು ಕಾಲುವೆ ಸೇರಿ ಪ್ರಯಾಣವನ್ನು ಮೊಟಕು ಮಾಡಿದಾಗ ಕಾಳು ಹಸಿರಾಗಿಯೇ ತಲುಪಿತು, ಗಿರಾಕಿಗಳು ಮುಖ ಸಿಂಡರಿಸಿದರು. ಅದಕ್ಕೆಂದೇ ಮಂಗಳೂರಿನ ಕಡೆಯ ವ್ಯಾಪಾರಿಗಳು ಗೋದಾಮುಗಳ ಬಾಗಿಲು ತೆರೆದು, ಕಾಳನ್ನು ಹರಡಿ, ಮಳೆಗಾಲದ ಗಾಳಿಗೆ ಒಡ್ಡತೊಡಗಿದರು ಎನ್ನುವುದು ಕಾಫಿ ವ್ಯಾಪಾರದಲ್ಲಿ ಪ್ರಸಿದ್ಧವಾದ ಕಥೆ. ‘ಮಾನ್ಸೂನ್ಡ್ ಮಲಬಾರ್’ ಎಂದು ಇಂದೂ ದುಬಾರಿ ಬೆಲೆಗೆ ಮಾರಾಟವಾಗುವುದು ಆ ಕಾಫಿಯೇ.

ಕಾಫಿಯ ಹಿಂದೆಯೇ ಕುದುರೆಗಳೂ ಹೋದವು. 1914ರಲ್ಲಿ ಮಹಾಯುದ್ಧ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಜೊತೆಗೆ ಮೈಸೂರು ಲ್ಯಾನ್ಸರ್ಸ್ ಅಶ್ವದಳವನ್ನು ಕಳುಹಿಸಿದರು. ಕರ್ನಲ್ ದೇಸರಾಜ ಅರಸರ ಜೊತೆ ಹೊರಟ ದಳ ಆ ವರ್ಷದ ಕೊನೆಯ ಹೊತ್ತಿಗೆ ಸುಯೆಜ್ ದಡದಲ್ಲಿತ್ತು. ಹೈದರಾಬಾದ್, ಪಟಿಯಾಲ ಮೊದಲಾದ ಸಂಸ್ಥಾನಗಳ ಸವಾರರ ಜೊತೆ ಅವರನ್ನು ಒಂದೇ ಬ್ರಿಗೇಡಿಗೆ ಸೇರಿಸಲಾಯಿತು.

ಇಲ್ಲಿ ಒಂದು ಕಾನೂನಿನ ತಮಾಷೆಯಿದೆ. 1888ರ ಕಾನ್‌ಸ್ಟಾಂಟಿನೋಪಲ್ ಒಪ್ಪಂದದ ಪ್ರಕಾರ ಶಾಂತಿಯಿರಲಿ ಯುದ್ಧವಿರಲಿ, ಕಾಲುವೆ ಎಲ್ಲ ದೇಶಗಳ ಹಡಗುಗಳಿಗೂ ತೆರೆದಿರಬೇಕು. ಈಜಿಪ್ಟು ಹೆಸರಿಗಾದರೂ ತುರ್ಕಿ ಸುಲ್ತಾನನ ನೆಲ. ಬ್ರಿಟಿಷರು ಅದನ್ನು ತಮ್ಮ ರಕ್ಷಿತ ರಾಜ್ಯವೆಂದು ಸಾರಿದ್ದು 1914ರ ಡಿಸೆಂಬರಿನಲ್ಲಿ. ಅಂದರೆ ನಮ್ಮ ಸವಾರರು ತುರ್ಕಿಯ ನೆಲದಲ್ಲಿ ನಿಂತು, ಫ್ರೆಂಚ್ ಕಂಪನಿಯ ಕಾಲುವೆಯನ್ನು, ಬ್ರಿಟಿಷರಿಗಾಗಿ, ತುರ್ಕರಿಂದಲೇ ಕಾಯಬೇಕಾಗಿತ್ತು. 1915ರ ಫೆಬ್ರವರಿ 3ರ ನಸುಕಿನಲ್ಲಿ ತುರ್ಕಿ ಪಡೆ ಸಿನಾಯ್ ಮರಳುಗಾಡಿನುದ್ದಕ್ಕೂ ಎಳೆದುತಂದ ಲೋಹದ ದೋಣಿಗಳನ್ನು ಕಾಲುವೆಗೆ ಇಳಿಸಿತು. ದಾಟಿದವರು ಬೆರಳೆಣಿಕೆಯಷ್ಟು ಜನ. ದಾಳಿಯನ್ನು ಮುರಿದವರಲ್ಲಿ ಹೆಚ್ಚಿನವರು ಇಂಡಿಯಾದ ಸಿಪಾಯಿಗಳು.

ಮೈಸೂರಿನ ದಳ ಮುಂದೆ ಪ್ಯಾಲೆಸ್ಟೈನಿಗೆ ನುಗ್ಗಿತು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋಯಿತು. ಆ ಗೆಲುವನ್ನು ಈಗ ದೊಡ್ಡದಾಗಿ ನೆನೆಯುತ್ತಾರೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ಬೆಂಗಳೂರಿನ ಜೆ.ಸಿ. ನಗರದಲ್ಲೂ ಒಂದು ಸ್ಮಾರಕವಿದೆ. ಹೈಫಾಕ್ಕೆ ಮುಂಚಿನ ಆ ಕಾವಲು ದಿನಗಳನ್ನು ನೆನೆಯುವವರು ಕಡಿಮೆ. ಕಾವಲಿಗೆ ಕಥೆಯಿರುವುದಿಲ್ಲವಲ್ಲ.

1956ರ ಜುಲೈ 26ರಂದು ನಾಸೆರ್ ಕಾಲುವೆಯನ್ನು ರಾಷ್ಟ್ರೀಕರಣಗೊಳಿಸಿದರು. ನೆಹರೂ, ಕೃಷ್ಣ ಮೆನನ್ ಈಜಿಪ್ಟಿನ ಹಕ್ಕಿನ ಪರ ವಾದಿಸಿದರು. ಮಾತುಕತೆ ಮುರಿದುಬಿದ್ದು ಅಕ್ಟೋಬರ್ 29ರಂದು ಇಸ್ರೇಲ್ ನುಗ್ಗಿತು. 31ರ ಸಂಜೆ ಬ್ರಿಟಿಷ್ ವಿಮಾನಗಳು ಬಾಂಬು ಹಾಕತೊಡಗಿದವು. ಮರುದಿನವೇ ನವೆಂಬರ್ 1. ಇಲ್ಲಿ ಕನ್ನಡಿಗರು ಏಕೀಕರಣದ ಸಂಭ್ರಮದಲ್ಲಿದ್ದರು. ಆ ದಿನದ ಪತ್ರಿಕೆಗಳ ಮುಖಪುಟವನ್ನು ಒಮ್ಮೆ ನೋಡಬೇಕೆಂದು ನನಗೆ ಬಹಳ ಆಸೆಯಿದೆ. ಕೊನೆಗೆ ಅಮೆರಿಕ, ಸೋವಿಯತ್ ಒತ್ತಡಕ್ಕೆ ಮಣಿದು ಆಕ್ರಮಣಕಾರರು ಹಿಂದೆ ಸರಿದರು. ವಿಶ್ವಸಂಸ್ಥೆಯ ಪಡೆಯಾಗಿ ಅಲ್ಲಿಗೆ ಹೋದವರಲ್ಲಿ ಭಾರತದ ಸೈನಿಕರೂ ಇದ್ದರು. 40 ವರ್ಷಗಳ ಹಿಂದೆ ಸಾಮ್ರಾಜ್ಯಕ್ಕಾಗಿ ಕಾಳಗ ನಡೆಸಿದ್ದ ಗಾಜಾದಲ್ಲೇ ಈ ಬಾರಿ ಶಾಂತಿ ಕಾಯಲು ನಿಂತರು.

1967ರ ಯುದ್ಧದಿಂದ 1975ರ ಜೂನ್‌ವರೆಗೆ ಕಾಲುವೆ ಮುಚ್ಚಿತ್ತು. 2021ರಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಕಟ್ಟಿತು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹೂತಿಗಳ ದಾಳಿಗೆ ಹೆದರಿ ಅನೇಕ ಹಡಗುಗಳು ಮತ್ತೆ ಆಫ್ರಿಕಾ ಸುತ್ತತೊಡಗಿದವು. ಕೊಡಗು, ಚಿಕ್ಕಮಗಳೂರಿನ ಕಾಫಿಯೂ ಅಜ್ಜಂದಿರ ಕಾಲದ ದಾರಿ ಹಿಡಿಯಿತು. ಕಂಟೇನರಿನೊಳಗೆ ಭದ್ರವಾಗಿರುವ ಕಾಳಿನ ಬಣ್ಣವೇನೂ ಬದಲಾಗಲಿಲ್ಲ, ಏರಿದ್ದು ಬಾಡಿಗೆ ಮಾತ್ರ.