ಗೋಲ್ಡೋನಿ, ಕಾರ್ಲೊ (1707–1793)

ಇಟಲಿಯ ಹರ್ಷನಾಟಕಕಾರರಲ್ಲಿ ಅಗ್ರಗಣ್ಯನಾದ ಈತನು ವೆನಿಸ್ ನಗರದಲ್ಲಿ ವೈದ್ಯನೊಬ್ಬನ ಮಗನಾಗಿ ಜನಿಸಿದನು. ಬಾಲ್ಯದಲ್ಲಿಯೇ ನಾಟಕದ ಗೀಳು ಹತ್ತಿದ ಈ ಹುಡುಗನು ರಿಮಿನಿಯಲ್ಲಿ ನಡೆಯುತ್ತಿದ್ದ ವ್ಯಾಸಂಗವನ್ನು ತೊರೆದು ನಟರ ದೋಣಿಯನ್ನೇರಿ ಪಲಾಯನ ಮಾಡಿದನು. ಮುಂದೆ ಪಾವಿಯಾದಲ್ಲಿ ನ್ಯಾಯಶಾಸ್ತ್ರವನ್ನು ಓದುತ್ತಿದ್ದಾಗ ಆ ಊರಿನ ಮನೆತನಗಳನ್ನು ಅಣಕಿಸುವ ವಿಡಂಬನೆಯನ್ನು ಬರೆದು 1725ರಲ್ಲಿ ವಿದ್ಯಾಲಯದಿಂದ ಬಹಿಷ್ಕೃತನಾದನು. 1731ರಲ್ಲಿ ತಂದೆ ತೀರಿಕೊಂಡಾಗ ಸಂಸಾರದ ಭಾರ ಹೆಗಲಿಗೇರಲಾಗಿ ಪದುವಾದಲ್ಲಿ ಪದವಿಯನ್ನು ಪಡೆದು, ಮರುವರ್ಷ ವೆನಿಸ್ಸಿನಲ್ಲಿ ವಕೀಲಿಯ ಸನ್ನದನ್ನು ಸಂಪಾದಿಸಿದನು.

ಆಗಿನ ಇಟಲಿಯ ರಂಗಭೂಮಿಯಲ್ಲಿ ಮುಖವಾಡ ಧರಿಸಿದ ನಟರು ಕಥೆಯ ಹಂದರವೊಂದನ್ನು ಮಾತ್ರ ಇಟ್ಟುಕೊಂಡು ಸಂಭಾಷಣೆಯನ್ನು ರಂಗದ ಮೇಲೆಯೇ ಕಟ್ಟಿ ಆಡುತ್ತಿದ್ದರು. ಕಾಲಕ್ರಮದಲ್ಲಿ ಸವೆದು ಗ್ರಾಮ್ಯವಾಗಿದ್ದ ಈ ಪದ್ಧತಿಗೆ ಪ್ರತಿಯಾಗಿ ಲಿಖಿತ ನಾಟಕವನ್ನೂ ಜೀವಂತ ಪಾತ್ರಗಳನ್ನೂ ಸ್ಥಾಪಿಸಿದುದೇ ಗೋಲ್ಡೋನಿಯ ಮಹತ್ಸಾಧನೆ. ಆದರೆ ಅವನು ಆತುರಪಡಲಿಲ್ಲ. 1738ರ ನಾಟಕದಲ್ಲಿ ನಾಯಕನ ಮಾತುಗಳನ್ನಷ್ಟೇ ಬರೆದುಕೊಟ್ಟು, 1743ರಲ್ಲಿ ಪ್ರಥಮವಾಗಿ ಇಡೀ ನಾಟಕವನ್ನು ಲೇಖನಿಯಿಂದಲೇ ರಚಿಸಿದನು. ಪೀಸಾದಲ್ಲಿ ವಕೀಲನಾಗಿದ್ದಾಗಲೇ ಸಾಕ್ಕಿ ಎಂಬ ನಟನ ಕೋರಿಕೆಯಂತೆ ‘ಇಬ್ಬರು ಯಜಮಾನರ ಸೇವಕ’ ರೂಪುಗೊಂಡಿತು. 1748ರಲ್ಲಿ ವಕೀಲಿಯನ್ನು ಶಾಶ್ವತವಾಗಿ ತ್ಯಜಿಸಿ ವೆನಿಸ್ಸಿನಲ್ಲಿ ಮೆಡೆಬಾಕನ ನಾಟಕ ಮಂಡಳಿಯನ್ನು ಸೇರಿದ ಈತನು, 1750–51ರ ಒಂದೇ ರಂಗಋತುವಿನಲ್ಲಿ ಹದಿನಾರು ಹೊಸ ನಾಟಕಗಳನ್ನು ಕೊಟ್ಟನು.

ನ್ಯಾಯಾಲಯದಲ್ಲಿ ಕಳೆದ ವರ್ಷಗಳು ವ್ಯರ್ಥವಾದವೆಂದು ಭಾವಿಸುವುದು ಸಲ್ಲದು. ಫಿರ್ಯಾದಿಗಳ, ಸಾಕ್ಷಿಗಳ ಬಾಯಿಂದ ಹೊರಡುವ ಆಡುಮಾತನ್ನು ತಾಳ್ಮೆಯಿಂದ ಆಲಿಸುವ ಶಿಕ್ಷಣ ಅವನಿಗೆ ದೊರೆತುದು ಅಲ್ಲಿಯೇ. ‘ವೆನಿಸ್ಸಿನ ವಕೀಲ’ ನಾಟಕದ ನಾಯಕನು ತಾನು ಪ್ರೀತಿಸುವ ಕನ್ಯೆಯ ವಿರುದ್ಧವೇ ಕಕ್ಷಿಗಾರನ ಪರವಾಗಿ ವಾದಿಸಿ ಗೆಲ್ಲುತ್ತಾನೆ. ವೃತ್ತಿಧರ್ಮವನ್ನು ಇಷ್ಟು ಗೌರವದಿಂದ ಚಿತ್ರಿಸಿದ ವಿನೋದನಾಟಕ ವಿರಳ. ತಾರುಣ್ಯದಲ್ಲಿ ಕಿಯೋಜ್ಜಾ ಪಟ್ಟಣದ ಕ್ರಿಮಿನಲ್ ಕಚೇರಿಯಲ್ಲಿ ಸಹಾಯಕನಾಗಿದ್ದ ಅನುಭವವು 1762ರ ‘ಕಿಯೋಜ್ಜಾದ ಜಗಳಗಳು’ ಕೃತಿಯಲ್ಲಿ ಪರಿಪಕ್ವ ಫಲವನ್ನಿತ್ತಿತು. ಬೆಸ್ತರ ಹೆಂಗಸರು ಬೀದಿಯಲ್ಲಿ ಆರಂಭಿಸಿದ ಕಲಹವು ಕಚೇರಿಗೇರಿ, ಅಲ್ಲಿನ ಸಹಾಯಕಾಧಿಕಾರಿಯಾದ ಇಸಿದೋರೊ ಅದನ್ನು ಬಗೆಹರಿಸಿ ಮದುವೆಗಳಲ್ಲಿ ಮುಗಿಸುವ ಈ ನಾಟಕದಲ್ಲಿ ಬಡವರ ಮಾತಿಗೆ ದೊರೆತಿರುವ ಮನ್ನಣೆ, ಅವನ ಹೆಚ್ಚು ಪ್ರಸಿದ್ಧವಾದ ನಾಟಕ ‘ಲ ಲೊಕಾಂಡಿಯೇರ’ದಲ್ಲಿಯೂ (ವಸತಿಗೃಹದ ಒಡತಿ) ಇಲ್ಲ.

ಪ್ರತಿಸ್ಪರ್ಧಿ ನಾಟಕಕಾರನಾದ ಕಾರ್ಲೊ ಗೋಜ್ಜಿಯ ಕಟುವಿರೋಧದಿಂದ ಬೇಸತ್ತು 1762ರಲ್ಲಿ ಪ್ಯಾರಿಸ್ಸಿಗೆ ತೆರಳಿದ ಗೋಲ್ಡೋನಿ ಅಲ್ಲಿ ರಾಜಕುಮಾರಿಗೆ ಇಟಾಲಿಯನ್ ಭಾಷೆಯನ್ನು ಕಲಿಸಿದನು. ಫ್ರೆಂಚ್ ಭಾಷೆಯಲ್ಲಿ ನಾಟಕಗಳನ್ನೂ, 1787ರಲ್ಲಿ ಆತ್ಮಕಥೆಯನ್ನೂ ಪ್ರಕಟಿಸಿದನು. ಫ್ರಾನ್ಸಿನ ಕ್ರಾಂತಿಯಲ್ಲಿ, ಅರಮನೆಯಿಂದ ದೊರೆಯುತ್ತಿದ್ದ ವಿಶ್ರಾಂತಿವೇತನ ನಿಂತುಹೋಗಿ, 1793ರ ಫೆಬ್ರವರಿ 6ರಂದು ಬಡತನದಲ್ಲಿಯೇ ತೀರಿಕೊಂಡನು. ಆ ವಿಶ್ರಾಂತಿವೇತನವನ್ನು ಪುನಃ ಮಂಜೂರು ಮಾಡುವ ನಿರ್ಣಯವು ಮರುದಿನ ಅಂಗೀಕೃತವಾಗಿ, ವೇತನವು ಪತ್ನಿ ನಿಕೊಲೆಟ್ಟಾಳಿಗೆ ಸಂದಿತು.