ಮೈಸೂರಿನ ದೊರೆ, ಲಂಡನ್ನಿನ ಮೇಳ

ಜಯಚಾಮರಾಜ ಒಡೆಯರು ಎಂದರೆ ನಮಗೆಲ್ಲ ದಸರಾ, ಅಂಬಾರಿ. ಸಂಗೀತ ಬಲ್ಲವರಿಗೆ ಶ್ರೀವಿದ್ಯಾ ಅಂಕಿತದ 94 ಕೃತಿಗಳು. ವೀಣೆ ಪಾಠದಲ್ಲಿ ಅವರ ಕೃತಿಯೊಂದನ್ನು ನಾನೂ ಕಲಿತಿದ್ದೆ. ಇದೇ ದೊರೆ ಎಳೆಯ ವಯಸ್ಸಿನಲ್ಲಿ ಪಿಯಾನೋ ವಾದಕನಾಗಬೇಕೆಂದು ಹಂಬಲಿಸಿದ್ದರೆಂದು ತಿಳಿದದ್ದು ಬಹಳ ತಡವಾಗಿ. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ, ದೊಡ್ಡಪ್ಪ ಇಬ್ಬರೂ ತೀರಿಕೊಂಡರು. ಇಪ್ಪತ್ತೊಂದರ ಹುಡುಗನ ತಲೆಯ ಮೇಲೆ ಕಿರೀಟ ಬಂತು. ಪಿಯಾನೋ ಕನಸು ಅಲ್ಲಿಗೆ ನಿಂತಿತು. ಮಗಳ ಸಂಗೀತ ಮದುವೆಯೊಂದಿಗೆ ನಿಂತದ್ದನ್ನು ಕಂಡ ನಮಗೆ ಈ ಸಂಕಟ ಹೊಸದೇನಲ್ಲ, ಬಿಡಿ.

ಆದರೆ ಅವರ ಕೈಯಲ್ಲಿ ಹಣವಿತ್ತು, ಕಿವಿಯೂ ಇತ್ತು. 1945ರಲ್ಲಿ ವಾಲ್ಟರ್ ಲೆಗ್ ಎಂಬುವರು ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು. ನಮ್ಮ ಕಚೇರಿಯಂತೆ ಒಬ್ಬರು ಹಾಡಿ ಇಬ್ಬರು ಪಕ್ಕವಾದ್ಯ ನುಡಿಸುವ ಲೆಕ್ಕವಲ್ಲ ಅದು. ಎಂಬತ್ತು, ತೊಂಬತ್ತು ಜನ ಒಟ್ಟಿಗೆ ಕೂತು, ಬರೆದದ್ದನ್ನು ಬರೆದಂತೆಯೇ ನುಡಿಸಬೇಕು. ಅಷ್ಟು ಜನರ ಹೊಟ್ಟೆ ತುಂಬಬೇಕಲ್ಲ! ಯುದ್ಧ ಮುಗಿದು ಬಡವಾಗಿದ್ದ ಲಂಡನ್ನಿನಲ್ಲಿ ಮೈಸೂರಿನ ನೆರವು ಒದಗಿತು. 1948ರಲ್ಲಿ ಅದರ ಕಛೇರಿಗಳ ಸಂಸ್ಥೆಗೆ ಒಡೆಯರೇ ಮೊದಲ ಅಧ್ಯಕ್ಷರು. ಲಂಡನ್ನಿನಲ್ಲಿ ಮರೆತುಹೋಗಿದ್ದ ರಷ್ಯದ ಮೆಟ್ನರ್ ಎಂಬ ಮುದಿ ಸಂಗೀತಗಾರನ ರಚನೆಗಳೂ ಅವರಿಂದಾಗಿ ರೆಕಾರ್ಡಾದವು.

1950ರ ಮೇ 22ರ ಸಂಜೆಯ ವಿಷಯ ಹೇಳಬೇಕು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಸಾವನ್ನು ಎದುರಿಗಿಟ್ಟುಕೊಂಡು, ಹೆಣ್ಣುದನಿಗೆಂದು ನಾಲ್ಕು ಹಾಡು ಬರೆದಿದ್ದರು. ಅವನ್ನು ಕೇಳುವ ಮೊದಲೇ 1949ರಲ್ಲಿ ಕಣ್ಣು ಮುಚ್ಚಿದರು. ಅವರ ಇಷ್ಟದಂತೆ ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಆಲ್ಬರ್ಟ್ ಹಾಲಿನಲ್ಲಿ ಆ ಹಾಡುಗಳನ್ನು ಮೊದಲ ಬಾರಿಗೆ ಹಾಡಿದರು. ಆಕೆಗಾಗ ಐವತ್ತನಾಲ್ಕು. ಮೇಳ ಫಿಲ್‌ಹಾರ್ಮೋನಿಯಾ, ನಿರ್ದೇಶಕ ಫುರ್ಟ್‌ವೆಂಗ್ಲರ್. ಖರ್ಚಿಗೆ 4,800 ಡಾಲರಿನ ಭರವಸೆ ಕೊಟ್ಟವರು ನಮ್ಮ ಒಡೆಯರು. ಅವರಿಗೆ ಹೋಗಲಾಗಲಿಲ್ಲ. ಅದನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಬೇಕೆಂಬುದೊಂದೇ ಅವರ ಬೇಡಿಕೆ. ಅಂದಿನ ರೆಕಾರ್ಡನ್ನು ನಾನು ಕೇಳಿದ್ದೇನೆ. ಗರಗರ ಸದ್ದಿನ ಆಚೆಯಿಂದ, ದೂರದ ಬಾವಿಯಿಂದೆದ್ದ ಹಾಗೆ ಆಕೆಯ ದನಿ ಬರುತ್ತದೆ. ಒಂದು ಪದವೂ ಅರ್ಥವಾಗದಿದ್ದರೂ ಕೆಲಸ ಬಿಟ್ಟು ಕೂತುಬಿಟ್ಟೆ.

ಅನ್ನದಾತನನ್ನು ನಂಬಿದ ಮೇಳಕ್ಕೆ ಅಪಾಯ ತಪ್ಪಿದ್ದಲ್ಲ. 1964ರ ಮಾರ್ಚಿನಲ್ಲಿ ಲೆಗ್ ಇದ್ದಕ್ಕಿದ್ದಂತೆ ಆರ್ಕೆಸ್ಟ್ರಾವನ್ನು ನಿಲ್ಲಿಸುವುದಾಗಿ ಸಾರಿದರು. ವಾದಕರು ಚದುರಲಿಲ್ಲ. ಸಭೆ ಸೇರಿ, ತಮ್ಮ ಆಡಳಿತ ತಾವೇ ನಡೆಸುವ ‘ನ್ಯೂ ಫಿಲ್‌ಹಾರ್ಮೋನಿಯಾ’ ಮಾಡಿಕೊಂಡರು. ಎಪ್ಪತ್ತೊಂಬತ್ತರ ಕ್ಲೆಂಪರರ್ ಅವರ ಬೆನ್ನಿಗೆ ನಿಂತರು. ಅದೇ ಅಕ್ಟೋಬರಿನಲ್ಲಿ ಬೀಥೋವನ್ನನ ಒಂಬತ್ತನೆಯ ಸಿಂಫನಿ ನುಡಿಸಿದರು. ಅದರ ಕೊನೆಯ ಭಾಗಕ್ಕೆ ದೊಡ್ಡ ಗಾಯಕವೃಂದ ಬೇಕು. ಅಲ್ಲಿ ನಿಂತು ಹಾಡಿದವರಲ್ಲಿ ಬಹುಪಾಲು ಹಾಡುವುದನ್ನು ವೃತ್ತಿ ಮಾಡಿಕೊಳ್ಳದ ಗಂಡಸರು, ಹೆಂಗಸರು.

ಹಳೆಯ ಹೆಸರು ಮೇಳಕ್ಕೆ ಮರಳಿ ದಕ್ಕಿದ್ದು 1977ರಲ್ಲಿ. ಒಡೆಯರು ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.