ಹಳೆಯ ಅಂಬಾಸಿಡರ್ ಮತ್ತು ಕೆಲಸಗಾರನ ಹೆಸರು

ಚಳ್ಳಕೆರೆ ಶೇಂಗಾ ಎಣ್ಣೆಯ ಊರು, ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ನಾಡಿನ ಎಲ್ಲೆಡೆಯಂತೆ ಇಲ್ಲಿಯೂ ವ್ಯಾಪಾರಸ್ಥರ ಗತ್ತಿನ ಗುರುತಾಗಿದ್ದುದು ಅಂಬಾಸಿಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಅಚ್ಚಿನಲ್ಲಿ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಈ ಕಾರು 2014ರಲ್ಲಿ ನಿಂತುಹೋಯಿತು. ಮನೆಯಲ್ಲಿ ಉಳಿದದ್ದನ್ನು ಹೊಸದಾಗಿಸಲು ಈಗ ದೊಡ್ಡ ಗ್ಯಾರೇಜುಗಳಿಗೆ ಒಯ್ಯುವವರಿದ್ದಾರೆ.

ಇದ್ದಂತೆ ಉಳಿಸುವುದೋ, ಸುಧಾರಿಸುವುದೋ ಎಂಬುದೇ ಅಲ್ಲಿನ ಮೊದಲ ಪ್ರಶ್ನೆ. ಹಳೆಯ 1489 ಸಿಸಿ ಎಂಜಿನ್ ಇಳಿಸಿ, ನಂತರದ ಮಾದರಿಗಳ ಇಸುಜು ಎಂಜಿನ್, ಐದು ಗೇರು ಕೂರಿಸಿದರೆ ಓಟ ಸಲೀಸು. ಆದರೆ 2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ ಕಾರಿಗೆ 'ವಿಂಟೇಜ್' ನೋಂದಣಿ ಬೇಕೆಂದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ನನ್ನ ಮತ ಉಳಿಸುವುದರ ಕಡೆಗೇ. ವೇಗ ಬೇಕಾದವರಿಗೆ ಹೊಸ ಕಾರುಗಳೇನು ಕಡಿಮೆಯೇ?

ಉಳಿಸುವುದು ಪೂರ್ತಿ ಕೈಕೆಲಸ. ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆಯಬೇಕು, ಬಡಿದು ಮೂಲದ ಉಬ್ಬುತಗ್ಗು ತರಬೇಕು. ನಮ್ಮ ಪೇಟೆಗಳಲ್ಲಿ ಈ ಟಿಂಕರಿಂಗ್ ಬಲ್ಲವರಲ್ಲಿ ಮುಸ್ಲಿಂ ಉಸ್ತಾದರು ಬಹಳ. ಹುಡುಗರಾಗಿದ್ದಾಗ ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು. ಆರ್‌ಸಿ ಪುಸ್ತಕದಲ್ಲಿ ಮಾಲೀಕನ ಹೆಸರಿದೆ, ಎಂಜಿನ್ ನಂಬರಿದೆ. ಇವರ ಹೆಸರಿಗೆ ಜಾಗವಿಲ್ಲ. ಕಾರು ರಿಪೇರಿಯಾದಾಗ ಯಾರು ಏನು ಮಾಡಿದರೆಂದು ಒಂದು ಹಾಳೆಯಲ್ಲಿ ಬರೆಸಿಟ್ಟರೆ ಸಾಕು, ಅದೇ ಚರಿತ್ರೆ.

ಇದಕ್ಕೆ ಈ ಸೀಮೆಯಲ್ಲೇ ಹಳೆಯ ಮೇಲ್ಪಂಕ್ತಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಪತ್ತೆಮಾಡಿದ ಅಶೋಕನ ಬಂಡೆಶಾಸನದ ಕೊನೆಯಲ್ಲಿ, ಬರೆದವನು ತನ್ನ ಹೆಸರು ಹಾಕಿದ್ದಾನೆ: ಚಪಡ. 'ಲಿಪಿಕಾರ' ಎಂಬ ತನ್ನ ಕಸುಬನ್ನು ಮಾತ್ರ, ದೂರದ ಗಾಂಧಾರದ ಕಡೆಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ್ದಾನೆ.